ತನ್ನ ತಪ್ಪಿಗೆ ತಾನೇ ದರ ಕಟ್ಟಬಹುದೆ?

ಜಾಲತಾಣ ನಿರ್ಮಿಸಿಕೊಟ್ಟವರು ಅದರ ದೋಷ ಸರಿಪಡಿಸಲು ಮತ್ತೆ ಹಣ ಕೇಳಬಹುದೆ? ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ನಮ್ಮ ಆನೇಕಲ್ಲಿನಲ್ಲಿ ಇದು ಮನೆಯೊಳಗಿನ ಪ್ರಶ್ನೆ. ತಂದೆ ಬಸದಿಯ ವಿಶ್ವಸ್ಥ, ಮಗ ಜಾಲತಾಣ ಕಟ್ಟುವವ. ‘ಪುಕ್ಕಟೆ ಮಾಡಿಕೊಡಲಿ’ ಎಂದು ತಂದೆ. ‘ಪ್ರತಿ ಗಂಟೆಗೂ ದರವಿದೆ’ ಎಂದು ಮಗ. ಇಬ್ಬರೂ ಅರ್ಧದಷ್ಟು ತಪ್ಪಿದ್ದಾರೆ.

ನಾನು ಸದಸ್ಯನಾಗಿರುವ ಒಂದು ಟ್ರಸ್ಟಿನ ಜಾಲತಾಣದಲ್ಲಿ ದಾನಿಗಳ ಖಾತೆಯಿಂದ ಹಣ ಕಡಿತವಾಗುತ್ತಿತ್ತು, ರಸೀದಿ ಮಾತ್ರ ಬರುತ್ತಿರಲಿಲ್ಲ. ದೋಷ ತಮ್ಮದೇ ಎಂದು ನಿರ್ಮಾಪಕರು ಒಪ್ಪಿದರು. ಒಪ್ಪಿದ ಮೇಲೂ ದುರಸ್ತಿಗೆ ಬಿಲ್ ಕಳುಹಿಸಿದರು. ದಾನದ ಹಣದಿಂದಲೇ ಅದನ್ನು ಪಾವತಿಸಲಾಯಿತು. ನಾನು ವಿರೋಧಿಸಿದೆ, ಇಂದಿಗೂ ವಿರೋಧಿಸುತ್ತೇನೆ.

ನಾನು ರೇಷ್ಮೆ ನೂಲಿನ ವ್ಯಾಪಾರಿ. ತೇವ ಹೀರಿದ ನೂಲು ತಕ್ಕಡಿಯಲ್ಲಿ ಹೆಚ್ಚು ತೂಗುತ್ತದೆ. ಅಂಥ ನೂಲು ನೇಕಾರನ ಕೈಸೇರಿದರೆ ತೂಕ ಭರ್ತಿ ಮಾಡಿಕೊಡುವುದು ನನ್ನ ಹೊಣೆ; ಒಣಗಿಸಿದ ಕೂಲಿಯನ್ನು ಅವನಿಂದ ಕೇಳಿದರೆ ಅಂಗಡಿಯ ಮೆಟ್ಟಿಲನ್ನು ಅವನು ಮತ್ತೆ ಹತ್ತುವನೆ? ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನೂ ಪ್ರತಿರೂಪಕ ವ್ಯವಹಾರವನ್ನೂ ಎಣಿಸುತ್ತದೆ. ಕಡಿಮೆ ತೂಗುವುದು, ಕೆಟ್ಟದ್ದನ್ನು ಒಳ್ಳೆಯದೆಂದು ಮಾರುವುದು; ತಕ್ಕಡಿಯ ಬದಲು ಗಣಕಯಂತ್ರ ಬಂದ ಮಾತ್ರಕ್ಕೆ ಇವುಗಳ ಅರ್ಥ ಬದಲಾಗದು.

‘ದೋಷವಿಲ್ಲದ ತಂತ್ರಾಂಶವೇ ಇಲ್ಲ’ ಎಂದು ತರುಣರು ವಾದಿಸುತ್ತಾರೆ. ನಿಜ. ಸವಕಳಿ, ಒಡಕುಗಳಿಲ್ಲದ ವ್ಯಾಪಾರವೂ ಇಲ್ಲ. ಖಚಿತವಾಗಿ ಬರುವ ನಷ್ಟವನ್ನು ಮೊದಲೇ ಬೆಲೆಯೊಳಗೆ ಸೇರಿಸುವುದು ಲೆಕ್ಕಶಾಸ್ತ್ರದ ಮೊದಲ ಪಾಠ. ಕಡಿಮೆ ದರ ಹೇಳಿ ಕೆಲಸ ಹಿಡಿದು, ಆಮೇಲೆ ದೋಷಗಳಿಂದ ಸಂಪಾದಿಸುವುದು ವಾಣಿಜ್ಯವಲ್ಲ.

ದೇಶವೇ ಕಂಡ ಉದಾಹರಣೆಯೊಂದಿದೆ. ಆದಾಯ ತೆರಿಗೆ ಇಲಾಖೆಗೆ ಇನ್ಫೋಸಿಸ್ ನಿರ್ಮಿಸಿದ ಹೊಸ ಜಾಲತಾಣ 2021ರ ಜೂನ್ 7ರಂದು ಆರಂಭವಾಯಿತು. ತೊಂದರೆಗಳು ನಿಲ್ಲದಿದ್ದಾಗ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಆಗಸ್ಟ್ 23ರಂದು ಸಂಸ್ಥೆಯ ಮುಖ್ಯಸ್ಥರನ್ನು ಕರೆಸಿ, ಸೆಪ್ಟೆಂಬರ್ 15ರೊಳಗೆ ಸರಿಪಡಿಸುವಂತೆ ಹೇಳಿದರು. ತಂತ್ರಾಂಶದ ತಪ್ಪಿನಿಂದ ಹೆಚ್ಚಾಗಿ ಪಾವತಿಯಾದ ಬಡ್ಡಿ, ವಿಳಂಬ ಶುಲ್ಕಗಳನ್ನು ಹಿಂದಿರುಗಿಸುವುದಾಗಿ ಇಲಾಖೆ ಪ್ರಕಟಿಸಿತು. ತಪ್ಪಿನ ಭಾರ ತಪ್ಪಿಲ್ಲದವನ ಮೇಲೆ ಬೀಳಬಾರದು ಎಂಬುದೇ ಇಲ್ಲಿನ ನ್ಯಾಯ.

ಇನ್ನು ವಿಶ್ವಸ್ಥರಿಗೊಂದು ಮಾತು. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಗ್ರಾಹಕರ ಕಾರ್ಡಿನ ವಿವರ ಉಳಿಸಿಕೊಳ್ಳಬಾರದೆಂಬ ರಿಸರ್ವ್ ಬ್ಯಾಂಕಿನ ನಿಯಮ ಜಾರಿಗೆ ಬಂದಿತು. ಇಂಥ ನಿಯಮಕ್ಕಾಗಿ ಜಾಲತಾಣ ಬದಲಿಸಬೇಕಾದರೆ ಅದು ನಿರ್ಮಾಪಕನ ತಪ್ಪಲ್ಲ. ಪಂಚಕಲ್ಯಾಣದ ಚಿತ್ರಗಳನ್ನು ಹೊಸದಾಗಿ ಸೇರಿಸುವುದು, ನಾವೇ ಕೈಯಾಡಿಸಿ ಕೆಡಿಸಿದ್ದನ್ನು ನೆಟ್ಟಗೆ ಮಾಡುವುದು, ಇವೂ ದುಡಿಮೆಯೇ. ‘ಧರ್ಮಕಾರ್ಯವಲ್ಲವೆ’ ಎಂದು ತರುಣನ ರಾತ್ರಿಗಳನ್ನು ಪುಕ್ಕಟೆಯಾಗಿ ಪಡೆಯುವವರು ಅದೇ ಅಚೌರ್ಯವ್ರತಕ್ಕೆ ಕಳಂಕ ತರುತ್ತಾರೆ. ದಾನ ಕೊಡುವವನ ಇಚ್ಛೆ. ಕೇಳಿ ಕಸಿದುಕೊಂಡದ್ದು ದಾನವಾಗದು.

ಆದ್ದರಿಂದ ಕೆಲಸಕ್ಕೆ ಮುನ್ನವೇ ಕಾಗದದ ಮೇಲೆ ಬರೆಯಿರಿ. ಒಪ್ಪಿದ ಕೆಲಸ ಯಾವುದು. ಅದರ ದೋಷವನ್ನು ಎಷ್ಟು ತಿಂಗಳವರೆಗೆ ಉಚಿತವಾಗಿ ತಿದ್ದಬೇಕು. ಹೊಸ ಕೆಲಸಕ್ಕೂ ವಾರ್ಷಿಕ ನಿರ್ವಹಣೆಗೂ ದರವೇನು. ಜಾಲತಾಣದ ವಿಳಾಸವನ್ನು ಟ್ರಸ್ಟಿನ ಹೆಸರಿನಲ್ಲೇ ನೋಂದಾಯಿಸಿರಿ. ಅದನ್ನೂ ಗುಪ್ತಪದಗಳನ್ನೂ ತನ್ನ ಬಳಿ ಇಟ್ಟುಕೊಂಡು, ಹಣ ಕೊಡುವ ತನಕ ಬಿಡೆನೆನ್ನುವವನು ನ್ಯಾಸಾಪಹಾರ ಮಾಡುತ್ತಾನೆ. ಒಪ್ಪಿಸಿದ ಇಡುಗಂಟನ್ನು ನುಂಗುವ ಆ ಕೃತ್ಯ ಸತ್ಯಾಣುವ್ರತದ ಅತಿಚಾರ.

ಜೀವಹಿಂಸೆ ಕಡಿಮೆಯೆಂದು ನಮ್ಮ ಹಿರಿಯರು ವಾಣಿಜ್ಯವನ್ನು ಆಯ್ದುಕೊಂಡರು. ಮಕ್ಕಳು ಆಯ್ದ ಉದ್ಯೋಗದಲ್ಲಿ ಹುಳುವೂ ಸಾಯದು. ಆದರೆ ವಿಶ್ವಾಸ ಸಾಯಬಹುದು. ತನ್ನ ತಪ್ಪನ್ನು ತನ್ನ ಖರ್ಚಿನಲ್ಲಿ ತಿದ್ದುವವನೇ ಶ್ರಾವಕ; ಪರರ ದುಡಿಮೆಗೆ ತಡವಿಲ್ಲದೆ ಕೂಲಿ ಕೊಡುವವನೂ ಶ್ರಾವಕನೇ.