ಕೂಲೆಂಟ್ ಕೊರತೆಗೂ ಲೆಕ್ಕವಿರಲಿ

ಬೆಂಗಳೂರಿನ ಎನ್‌ಎಎಲ್ ರೂಪಿಸಿದ, 2021ರಲ್ಲಿ ಮೊದಲು ಹಾರಿದ 'ಹಂಸ-ಎನ್‌ಜಿ' ತರಬೇತಿ ವಿಮಾನದಲ್ಲಿರುವುದು ಆಸ್ಟ್ರಿಯಾದ ರೋಟಾಕ್ಸ್ 912 ಎಂಜಿನ್. ಇದರ ಸಿಲಿಂಡರುಗಳನ್ನು ಗಾಳಿಯೂ ಸಿಲಿಂಡರ್ ಹೆಡ್ಡುಗಳನ್ನು ಕೂಲೆಂಟ್ ದ್ರವವೂ ತಣಿಸುತ್ತವೆ. ಎಂಜಿನ್ ಆಯಿಲ್ ಅಲ್ಪಸ್ವಲ್ಪ ಉರಿದುಹೋಗುವುದು ಸಹಜ. ಆದರೆ ಮುಚ್ಚಿದ ವ್ಯವಸ್ಥೆಯಲ್ಲಿ ಸುತ್ತುವ ಕೂಲೆಂಟ್ ಪದೇ ಪದೇ ಕಡಿಮೆಯಾದರೆ ಅದು ಖರ್ಚಲ್ಲ, ನಷ್ಟ.

ಕೊರತೆಯನ್ನು ತುಂಬಿ, ಬಿಲ್ಲನ್ನು ಬಿಡಿ ಖರ್ಚಿನ ಖಾತೆಗೆ ಬರೆದರೆ ದೋಷವು ಲೆಕ್ಕದೊಳಗೇ ಅಡಗಿಬಿಡುತ್ತದೆ. ದಾಸ್ತಾನು ಕೊರತೆಯನ್ನು ಯಾವ ವರ್ತಕರೂ ಹೀಗೆ ಬಿಡಲಾರರು. ಎಷ್ಟು ಗಂಟೆಗಳ ಹಾರಾಟಕ್ಕೆ ಎಷ್ಟು ದ್ರವ ತುಂಬಲಾಯಿತೆಂಬುದು ದಾಖಲಾಗಲೇಬೇಕು. ಬಳಿಕ, ಎಂಜಿನ್ ಪೂರ್ಣ ತಣಿದ ಮೇಲೆ, ತಂತ್ರಜ್ಞರು ಹೋಸ್‌ಗಳು, ಕ್ಲಾಂಪ್‌ಗಳು, ವಾಟರ್ ಪಂಪಿನ ಅಡಿಯ ಸಣ್ಣ ರಂಧ್ರ, ರೇಡಿಯೇಟರ್ ಹಾಗೂ ಒತ್ತಡದ ಮುಚ್ಚಳವನ್ನು ಕ್ರಮವಾಗಿ ಪರೀಕ್ಷಿಸಬೇಕು. ಮುಚ್ಚಳವು ಒತ್ತಡ ಹಿಡಿಯದಿದ್ದರೆ ದ್ರವವು ಬೇಗನೆ ಕುದಿದು ಹೊರಚೆಲ್ಲುತ್ತದೆ.

ಮಾಪಕವೊಂದನ್ನೇ ನಂಬುವಂತಿಲ್ಲ. ಕೂಲೆಂಟ್ ಬರಿದಾದಾಗ ಅದರ ಉಷ್ಣತೆಯನ್ನು ಅಳೆಯುವ ಮಾಪಕವು ನಿಜವನ್ನು ತೋರದಿರಬಹುದು. ಹೆಡ್ಡು ಮಾತ್ರ ಕಾಯುತ್ತಲೇ ಇರುತ್ತದೆ.

ನಮ್ಮ ಕಾರ್ಖಾನೆಗಳ ಡೀಸೆಲ್ ಜನರೇಟರಿಗೂ ಇದೇ ನ್ಯಾಯ. ವ್ಯತ್ಯಾಸವಿಷ್ಟೆ: ಜನರೇಟರ್ ಕೆಟ್ಟರೆ ಉತ್ಪಾದನೆ ನಿಂತೀತು, ಆಕಾಶದಲ್ಲಿ ಎಂಜಿನ್ ಕೆಟ್ಟರೆ ತೆರಬೇಕಾದ ಬೆಲೆಯನ್ನು ಯಾವ ಖಾತೆಯಲ್ಲಿಯೂ ಬರೆಯಲಾಗದು.