ನೀರು ಹಾಕಿ ಹಾಕಿ ಕೊಂದೆ

ಹಾಲಿ ಅಂದರೆ ಹಾಲಿ ಶಾಸಕರಲ್ಲ. ಕ್ರಿಸ್‌ಮಸ್ ಕಾರ್ಡಿನಲ್ಲಿ ಕಾಣುವ ಮುಳ್ಳೆಲೆ, ಕೆಂಪು ಹಣ್ಣಿನ ಗಿಡ. ನ್ಯೂಜೆರ್ಸಿಯ ನಮ್ಮ ಮನೆ ಮುಂದೆ ಹಿಂದಿನ ಮಾಲೀಕರು ನೆಟ್ಟ 3 ಇದ್ದವು. ಈಗ 2 ಇವೆ.

ಹೋದ ವರ್ಷ ಜೂನ್‌ನಲ್ಲಿ ಮೂಲೆಯ ಗಿಡ ಹಳದಿಯಾಗತೊಡಗಿತು. ನಿತ್ಯಹಸಿರಾದರೂ ಹಾಲಿ ವಸಂತದಲ್ಲಿ ಒಳಗಿನ ಹಳೇ ಎಲೆ ಉದುರಿಸುತ್ತೆ, ಅದಕ್ಕೆ ಹೆದರಬೇಕಿಲ್ಲ. ಇಲ್ಲಿ ತುದಿಯ ಹೊಸ ಎಲೆಗಳೇ ಬಾಡಿದ್ದವು. ಬಾಯಾರಿಕೆ ಅಂದುಕೊಂಡೆ. ಆಫೀಸ್ ಕಾಲ್ ಮುಗಿದ ಕೂಡಲೇ ದಿನಾ ಪೈಪ್ ಹಿಡಿದೆ. ಬಾಡಿದಷ್ಟೂ ನೀರು ಹೆಚ್ಚಿಸಿದೆ.

ತೀರ್ಥಹಳ್ಳಿಯಿಂದ ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ, "ಎಲೆ ಎಂತಕ್ಕೆ ತೋರಿಸ್ತೀಯೆ? ಬೇರು ತೋರಿಸು ಮಾರಾಯ್ತಿ" ಅಂದಳು. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಸಿ ತೆಗೆಸಿ ಬಂದ ಅನುಭವ ಅವಳದ್ದು.

ಅಗೆದೆ. ಜೇಡಿಮಣ್ಣು, ಗುಂಡಿ ತುಂಬಾ ಕೆಸರು. ಚಾವಣಿಯ ಮಳೆನೀರೂ ಅಲ್ಲಿಗೇ ಸುರಿಯುತ್ತಿತ್ತು! ಬೆಳ್ಳಗಿರಬೇಕಾದ ಎಳೆಬೇರು ಕಪ್ಪಗೆ ಮೆತ್ತಗಾಗಿ ವಾಸನೆ ಹೊಡೀತಿತ್ತು. ಕೊಳೆತ ಬೇರು ನೀರು ಹೀರಲ್ಲ. ಅದಕ್ಕೇ ಕೆಸರಲ್ಲಿ ನಿಂತೂ ಗಿಡ ಬಾಯಾರಿದಂತೆ ಕಂಡಿದ್ದು.

ಅದು ಉಳಿಯಲಿಲ್ಲ. ಮಳೆನೀರಿನ ಪೈಪ್ ಆಚೆ ತಿರುಗಿಸಿದೆ. ಈಗ 2 ಇಂಚು ಬೆರಳು ಇಳಿಸಿ ನೋಡ್ತೀನಿ, ಮಣ್ಣು ಒಣಗಿದ್ದರೆ ಮಾತ್ರ ನೀರು.

ಉಳಿದ ಎರಡೂ ಚೇತರಿಸಿಕೊಂಡು ಈ ವರ್ಷ ಹೂ ಬಿಟ್ಟವು. ಒಂದೂ ಕಾಯಿ ಕಟ್ಟಲಿಲ್ಲ. ಹಾಲಿಯಲ್ಲಿ ಗಂಡು, ಹೆಣ್ಣು ಗಿಡ ಬೇರೆ ಬೇರೆ. ನಾನು ಕೊಂದದ್ದು ಇದ್ದ ಒಂದೇ ಗಂಡನ್ನು. ಹೊಸ ಗಂಡು ಸಸಿ ತಂದಿಟ್ಟಿದ್ದೀನಿ. ನೆಡುವ ಮೊದಲು ಅಮ್ಮನಿಗೆ ಗುಂಡಿ ತೋರಿಸಬೇಕು.