ಆರೋಗ್ಯ ವಿಚಾರ: ಲಜ್ಜೆ ಮರೆಸಿದ ಅಂಗಗಳು

ಕಣ್ಣುರಿದರೆ ಮನೆಮಂದಿಗೆಲ್ಲ ಹೇಳುವೆವು. ಹಲ್ಲು ನೊಂದರೆ ನೆರೆಯವರಿಗೂ ತಿಳಿಯುವುದು. ಆದರೆ ದೇಹದಲ್ಲಿ ಅಂಗೈಯಗಲದ ಒಂದು ಎಡೆಯುಂಟು. ಅಲ್ಲಿಯ ನೋವನ್ನು ಮಗಳು ತಾಯಿಗೂ, ಗಂಡನು ಹೆಂಡತಿಗೂ ಹೇಳಲು ಅಳುಕುವರು. ಲಜ್ಜೆಯು ಸದ್ಗುಣವೇ ಸರಿ. ರೋಗವನ್ನು ಬೆಳೆಯಗೊಡುವ ಲಜ್ಜೆ ಮಾತ್ರ ಸದ್ಗುಣವಾಗಲಾರದು. ಆದಕಾರಣ ಈ ತಿಂಗಳು ಆ ಎಡೆಯ ರಚನೆಯನ್ನೇ ವಾಚಕರ ಮುಂದಿಡುವೆವು.

ಮುಂದೆ ಜಘನದ ಎಲುಬು, ಹಿಂದೆ ಬಾಲದೆಲುಬು, ಎಡಬಲಗಳಲ್ಲಿ ಕುಳಿತಾಗ ನಮ್ಮ ಭಾರವನ್ನು ಹೊರುವ ಎರಡು ಎಲುಬುಗಳು. ಈ ನಾಲ್ಕರ ನಡುವಣ ಪ್ರದೇಶವನ್ನು ವೈದ್ಯರು ಪೆರಿನಿಯಂ ಎನ್ನುವರು. ಯೋಗಶಾಸ್ತ್ರದಲ್ಲಿ ಮೂಲಾಧಾರದ ಸ್ಥಾನವೂ ಇದೇ. ಆ ಹೆಸರು ಸಾರ್ಥಕವಾದುದು. ಮೂತ್ರಕೋಶ, ಗರ್ಭಾಶಯ, ಮಲಾಶಯಗಳನ್ನು ಕೆಳಗಿನಿಂದ ಆತು ಹಿಡಿದಿರುವ ಸ್ನಾಯುಗಳ ತೊಟ್ಟಿಲು ಇಲ್ಲಿಯೇ ಇರುವುದು. ಅದರ ನಡುವೆ ಹಲವು ಸ್ನಾಯುಗಳು ಕೂಡುವ ಗಂಟೊಂದುಂಟು. ಹೆರಿಗೆಯಲ್ಲಿ ಈ ಭಾಗವು ಹರಿಯುವುದುಂಟು. ಹರಿದುದು ಗುದದ ಸ್ನಾಯುವನ್ನು ಮುಟ್ಟಿದರೆ ಬಲ್ಲವರಿಂದ ಆಗಲೇ ಹೊಲಿಸತಕ್ಕದ್ದು. ಉಪೇಕ್ಷಿಸಿದರೆ ಮಲವನ್ನೂ ವಾಯುವನ್ನೂ ತಡೆಯುವ ಶಕ್ತಿಯೇ ಕುಂದಬಹುದು. ಅದನ್ನು ಹೆತ್ತವಳ ಪಾಲಿನ ಕರ್ಮವೆಂದು ಸಹಿಸಿಕೊಂಡಿರಬೇಕಾಗಿಲ್ಲ.

ಮೂತ್ರಕೋಶದಿಂದ ಹೊರಕ್ಕೆ ಬರುವ ನಾಳವು ಗಂಡಸರಲ್ಲಿ ಸುಮಾರು 20 ಸೆಂಟಿಮೀಟರು, ಹೆಂಗಸರಲ್ಲಿ ಸುಮಾರು 4 ಸೆಂಟಿಮೀಟರು ಉದ್ದವಿರುವುದು. ಹೆಂಗಸರಲ್ಲಿ ಅದರ ಬಾಯಿ ಗುದಕ್ಕೆ ಸಮೀಪ, ದಾರಿಯೂ ಮೋಟು. ಆದುದರಿಂದಲೇ ಕರುಳಿನ ಸೂಕ್ಷ್ಮಜೀವಿಗಳು ಸುಲಭವಾಗಿ ಮೂತ್ರಕೋಶವನ್ನು ಸೇರಿ ಉರಿಮೂತ್ರವನ್ನುಂಟುಮಾಡುವುವು. ಇದು ನಡತೆಯ ದೋಷವಲ್ಲ, ರಚನೆಯ ಫಲ. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಬೇಕೆಂದು ಹೆಣ್ಣುಮಕ್ಕಳಿಗೆ ಎಳವೆಯಲ್ಲಿಯೇ ಕಲಿಸಿರಿ. ಉರಿಯೊಡನೆ ಚಳಿಜ್ವರವೂ ಪಕ್ಕೆನೋವೂ ಕಾಣಿಸಿದರೆ ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು. ಗಂಡಸರಲ್ಲಿ ಈ ನಾಳವು ಪ್ರಾಸ್ಟೇಟ್ ಗ್ರಂಥಿಯ ನಡುವೆ ಹಾದು ಬರುವುದು. ವಯಸ್ಸಾದಂತೆ ಗ್ರಂಥಿಯು ಬೆಳೆದು ನಾಳವನ್ನೊತ್ತಿದರೆ ಮೂತ್ರದ ಧಾರೆ ಸಣ್ಣದಾಗುವುದು. ಅದನ್ನು ಕೇವಲ ಮುಪ್ಪೆಂದು ಮುಚ್ಚಿಡಲಾಗದು.

ಇನ್ನು ಗುದನಾಳ. ಇದೂ ಸುಮಾರು 4 ಸೆಂಟಿಮೀಟರು. ಸುಶ್ರುತಸಂಹಿತೆಯು ಗುದದಲ್ಲಿ ಪ್ರವಾಹಣಿ, ವಿಸರ್ಜನಿ, ಸಂವರಣಿ ಎಂಬ ಮೂರು ವಲಿಗಳನ್ನು ಹೇಳಿದೆ. ಇಂದಿನ ಶಾಸ್ತ್ರವು ಇಲ್ಲಿ ಬಳೆಯಂತಹ ಎರಡು ಸ್ನಾಯುಗಳನ್ನು ತೋರಿಸುವುದು: ಒಳಗಿನದು ತಾನಾಗಿಯೇ ಬಿಗಿದಿರುವುದು, ಹೊರಗಿನದು ನಮ್ಮ ಇಚ್ಛೆಗೆ ಅಧೀನ. ನಾಳದ ನಡುವೆ ಹಲ್ಲುಹಲ್ಲಾದ ಒಂದು ಗೆರೆಯುಂಟು. ಅದರ ಕೆಳಗೆ ಸೂಜಿ ಚುಚ್ಚಿದರೂ ತಿಳಿಯುವುದು. ಮೇಲ್ಗಡೆ ಅಂತಹ ನೋವಿನ ಅರಿವಿಲ್ಲ. ಗೆರೆಯ ಕೆಳಗಣ ಸಣ್ಣ ಬಿರುಕೊಂದು ಅಲಗಿನಂತೆ ಕೊಯ್ಯುವುದೂ, ಒಳಮೂಲವ್ಯಾಧಿಯು ನೋವಿಲ್ಲದೆ ರಕ್ತ ಸುರಿಸುವುದೂ ಇದರಿಂದಲೇ.

ಇಲ್ಲಿ ವಾಚಕರು ವಿಶೇಷವಾಗಿ ಗಮನಿಸಬೇಕಾದ ಮಾತೊಂದುಂಟು. ನೋವಿಲ್ಲದ್ದು ನಿರಪಾಯವೆಂದು ತಿಳಿಯಬೇಡಿರಿ. ಮಲಾಶಯದ ಕ್ಯಾನ್ಸರು ಕೂಡ ಮೊದಮೊದಲು ನೋವಿಲ್ಲದೆಯೇ ರಕ್ತವನ್ನು ತೋರಿಸಬಹುದು. ರಕ್ತ ಕಂಡೊಡನೆ ಮೂಲವ್ಯಾಧಿಯೆಂದು ತಾವೇ ನಿಶ್ಚಯಿಸಿ ತಿಂಗಳುಗಟ್ಟಲೆ ನಾಟಿಮದ್ದನ್ನು ನುಂಗುತ್ತಿದ್ದರೆ, ಗುಣವಾಗಬಹುದಾದ ಕಾಲವು ಕೈಮೀರಿ ಹೋದೀತು. ವೈದ್ಯರು ಬೆರಳಿನಿಂದ ಮಾಡುವ ಪರೀಕ್ಷೆಗೆ ಒಂದೆರಡು ನಿಮಿಷ ಸಾಕು. ಅಗತ್ಯವೆನಿಸಿದರೆ ಮುಂದಿನ ಪರೀಕ್ಷೆಯನ್ನು ಅವರೇ ಹೇಳುವರು.

ಕೆಮ್ಮಿದಾಗ, ಸೀನಿದಾಗ ಮೂತ್ರ ಜಿನುಗುವ ತಾಯಂದಿರಿಗೆ ಒಂದು ಸಮಾಧಾನದ ಮಾತು. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ವ್ಯಾಯಾಮವು ಇಂದಿಗೂ ಬಳಕೆಯಲ್ಲಿದೆ. ವಾಯುವನ್ನು ತಡೆಯುವಂತೆ ಆ ಸ್ನಾಯುಗಳನ್ನು ಕೆಲವು ಎಣಿಕೆಗಳ ಕಾಲ ಬಿಗಿಹಿಡಿದು, ಅಷ್ಟೇ ಹೊತ್ತು ಸಡಿಲಿಸಬೇಕು. ದಿನವೂ ಮೂರು ಸಲ, ಸಲಕ್ಕೆ ಹತ್ತರಂತೆ, ಕೆಲವು ತಿಂಗಳು ನಡೆಸಿದರೆ ಬಹುಮಂದಿಗೆ ಗುಣ ಕಾಣುವುದು. ಮೂತ್ರ ಮಾಡುತ್ತಿರುವಾಗ ಇದನ್ನು ಅಭ್ಯಾಸ ಮಾಡಬಾರದು.

ಮಕ್ಕಳಿಗೆ ಕೈಕಾಲುಗಳ ಹೆಸರನ್ನು ಕಲಿಸುವಂತೆಯೇ ಈ ಅಂಗಗಳ ಹೆಸರನ್ನೂ ಕಲಿಸಿರಿ. ಹೆಸರು ಬಲ್ಲ ಮಗು ನೋವೆಲ್ಲಿದೆಯೆಂದು ಹೇಳಬಲ್ಲುದು. ಹೇಳಿದ ನೋವಿಗೆ ಮದ್ದುಂಟು.